ಬುನ್ಸೆನ್ನರ ಬದುಕು, ನನ್ನ ಪಾಠದ ಪೀಠಿಕೆ

ಬಿಂಡಿಗನವಿಲೆ ಹೋಬಳಿಯ ಒಂದು ಶಾಲೆಗೆ ಬೋಧನಾಭ್ಯಾಸಕ್ಕೆ ಹೋಗಿದ್ದಾಗ ಎಂಟನೆಯ ತರಗತಿಯ ‘ದಹನ ಮತ್ತು ಜ್ವಾಲೆ’ ಪಾಠ ನನ್ನ ಪಾಲಿಗೆ ಬಂತು. ಮೊದಲ ದಿನ ಸ್ಪಿರಿಟ್ ದೀಪ ಹಚ್ಚಿ, ಪ್ರನಾಳದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ತುಂಬಿ ಕಾಯಿಸತೊಡಗಿದೆ. ಮಾತಿನ ಭರದಲ್ಲಿ ಪ್ರನಾಳದ ಬಾಯಿ ಮುಂದಿನ ಬೆಂಚಿನ ಕಡೆಗೆ ತಿರುಗಿದ್ದು ಗಮನಕ್ಕೆ ಬರಲಿಲ್ಲ. ತಳ ಮಾತ್ರ ಕಾದಿದ್ದ ನೀರು ಒಮ್ಮೆಲೇ ಚಿಮ್ಮಿತು. ಒಬ್ಬ ಹುಡುಗಿಯ ನೋಟುಪುಸ್ತಕ ನೆನೆಯಿತು, ಅಷ್ಟೆ. ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ಅವಳ ಮುಖವಿತ್ತು. ನನ್ನ ಪಾಠಯೋಜನೆಯಲ್ಲಿ ಸುರಕ್ಷತೆ ಎಂಬ ಅಂಶ ಕೊನೆಯ ಸಾಲಿನಲ್ಲಿತ್ತು. ನಾನು ಇನ್ನೂ ಅಲ್ಲಿಗೆ ತಲುಪಿರಲಿಲ್ಲ.

ಅಂದು ರಾತ್ರಿ ಯೋಜನೆಯನ್ನು ಹೊಸದಾಗಿ ಬರೆದೆ. ಪೀಠಿಕೆಗೆ ಒಬ್ಬ ವ್ಯಕ್ತಿಯ ಜೀವನವನ್ನು ಆರಿಸಿಕೊಂಡೆ. ವಿಜ್ಞಾನ ಓದಿದವರಿಗೆಲ್ಲ ಅವರ ಹೆಸರು ಒಂದು ಉಪಕರಣದ ಹೆಸರಾಗಿ ಗೊತ್ತು. ಮನುಷ್ಯರಾಗಿ ಗೊತ್ತಿರುವುದು ಕಡಿಮೆ. ಮರುದಿನ ಮಕ್ಕಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಾಬರ್ಟ್ ಬುನ್ಸೆನ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಗಟಿಂಗೆನ್ ಊರಿನಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭಾಷೆಗಳ ಪ್ರಾಧ್ಯಾಪಕರು. ಮಗ ರಸಾಯನಶಾಸ್ತ್ರ ಹಿಡಿದು, ಇಪ್ಪತ್ತರ ಆಸುಪಾಸಿನಲ್ಲೇ ಡಾಕ್ಟರೇಟ್ ಪಡೆದರು. 1834ರಲ್ಲಿ ಬರ್ಟ್‌ಹೋಲ್ಡ್ ಎಂಬ ವೈದ್ಯರ ಜೊತೆ ಸೇರಿ, ಆರ್ಸೆನಿಕ್ ವಿಷಕ್ಕೆ ಆಗತಾನೆ ತಯಾರಿಸಿದ ಕಬ್ಬಿಣದ ಹೈಡ್ರಾಕ್ಸೈಡ್ ಮದ್ದಾಗುತ್ತದೆ ಎಂದು ತೋರಿಸಿದರು. ಅದು ಆರ್ಸೆನಿಕ್ಕನ್ನು ಕರಗದ ವಸ್ತುವಾಗಿಸಿ ಹಿಡಿದಿಡುತ್ತದೆ.

ಮುಂದೆ ಕಾಸೆಲ್ ಮತ್ತು ಮಾರ್ಬರ್ಗ್‌ಗಳಲ್ಲಿ ಅವರು ಕೈಗೆತ್ತಿಕೊಂಡದ್ದು ಅದೇ ಆರ್ಸೆನಿಕ್ಕಿನ ಕ್ಯಾಕೊಡೈಲ್ ಸಂಯುಕ್ತಗಳನ್ನು. ಇವು ವಿಷ, ಸಹಿಸಲಾಗದ ದುರ್ನಾತ, ಕೆಲವಂತೂ ಗಾಳಿ ಸೋಕಿದರೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಬುನ್ಸೆನ್ ಮುಖವಾಡ ಧರಿಸಿ, ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಎಳೆದುಕೊಳ್ಳುತ್ತ ಕೆಲಸ ಮಾಡಿದರು. ಹೀಗಿದ್ದೂ ಒಮ್ಮೆ ಕ್ಯಾಕೊಡೈಲ್ ಸಯನೈಡ್ ಸ್ಫೋಟಿಸಿತು. ಗಾಜಿನ ಚೂರು ಬಲಗಣ್ಣಿಗೆ ಹೊಕ್ಕಿತು. ಆ ಕಣ್ಣಿನ ದೃಷ್ಟಿ ಮತ್ತೆ ಬರಲಿಲ್ಲ. ಉಳಿದ ಆಯುಷ್ಯವೆಲ್ಲ ಅವರು ನೋಡಿದ್ದು ಒಂದೇ ಕಣ್ಣಿನಲ್ಲಿ.

ಇಲ್ಲಿಗೆ ಬಂದಾಗ ತರಗತಿ ಸ್ತಬ್ಧವಾಯಿತು. ನೋಟುಪುಸ್ತಕ ನೆನೆದ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಬುನ್ಸೆನ್ ಪ್ರಯೋಗಶಾಲೆ ಬಿಡಲಿಲ್ಲ. ಸತು ಮತ್ತು ಇಂಗಾಲದ ವಿದ್ಯುತ್ಕೋಶ ಮಾಡಿದರು. 1846ರಲ್ಲಿ ಐಸ್‌ಲೆಂಡಿಗೆ ಹೋಗಿ ಬಿಸಿನೀರಿನ ಬುಗ್ಗೆಯೊಳಗೆ ಉಷ್ಣಮಾಪಕ ಇಳಿಬಿಟ್ಟು, ಅದು ಏಕೆ ಚಿಮ್ಮುತ್ತದೆಂದು ಅರಿತರು. 1852ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರಿಗಾಗಿ ಹೊಸ ಪ್ರಯೋಗಶಾಲೆ ಕಟ್ಟಿದಾಗ, ಊರಿಗೆ ಬಂದಿದ್ದ ಕಲ್ಲಿದ್ದಲು ಅನಿಲವನ್ನು ಅಲ್ಲಿಗೂ ತಂದರು. ಆದರೆ ಆಗಿನ ಅನಿಲ ದೀಪಗಳ ಜ್ವಾಲೆ ಹಳದಿ, ಮಸಿ ಕಾರುವಂಥದ್ದು.

ಈ ಹಂತದಲ್ಲಿ ನಾನು ಮಕ್ಕಳಿಗೆ ಕೇಳಿದ್ದು ಊದುಗೊಳವೆಯ ಬಗ್ಗೆ. ಸೌದೆ ಒಲೆ ಹೊಗೆಯಾಡಿದಾಗ ಅಜ್ಜಿ ಏಕೆ ಊದುತ್ತಾರೆ? ಗಾಳಿ ಸಾಲದ್ದಕ್ಕೆ ಎಂಬ ಉತ್ತರ ನಾಲ್ಕಾರು ಕಡೆಯಿಂದ ಬಂತು. ಬುನ್ಸೆನ್ ಮಾಡಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದೆ: ಉರಿಯುವ ಮೊದಲೇ ಕೊಳವೆಯೊಳಗೆ ಗಾಳಿಯನ್ನು ಅನಿಲದ ಜೊತೆ ಬೆರೆಸುವುದು. ಮೊದಲೇ ಬೆರೆಸುವ ಆಲೋಚನೆ ಇತರರಿಗೂ ಬಂದಿತ್ತು. ಬುನ್ಸೆನ್ನರ ವಿನ್ಯಾಸವನ್ನು 1855ರಲ್ಲಿ ಉಪಕರಣ ತಯಾರಕ ಪೀಟರ್ ಡೆಸಾಗಾ ನಿರ್ಮಿಸಿದರು. ಬುನ್ಸೆನ್ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಗಾಳಿರಂಧ್ರ ಮುಚ್ಚಿದರೆ ಹಳದಿ ಜ್ವಾಲೆ, ತೆರೆದರೆ ಹೆಚ್ಚು ಬಿಸಿಯಾದ, ಬಹುತೇಕ ಬಣ್ಣವಿಲ್ಲದ ಜ್ವಾಲೆ. ಆದ್ದರಿಂದ ಹಚ್ಚುವಾಗ ರಂಧ್ರ ಮುಚ್ಚಿರಬೇಕು, ಹೊತ್ತಿದ ಮೇಲೆ ನಿಧಾನವಾಗಿ ತೆರೆಯಬೇಕು. ಜ್ವಾಲೆ ಕೊಳವೆಯೊಳಗೇ ಇಳಿದರೆ ಮೊದಲು ಅನಿಲ ನಿಲ್ಲಿಸಬೇಕು. ಕೊಳವೆ ಆರುವ ತನಕ ಮುಟ್ಟಬಾರದು.

ಜ್ವಾಲೆಗೆ ಬಣ್ಣವಿಲ್ಲದ್ದರಿಂದ ಅದರಲ್ಲಿ ಹಿಡಿದ ವಸ್ತುವಿನ ಬಣ್ಣ ಕಂಡಿತು: ಸೋಡಿಯಂಗೆ ಹಳದಿ, ಪೊಟ್ಯಾಸಿಯಂಗೆ ತಿಳಿನೇರಳೆ. ಬುನ್ಸೆನ್ ಮತ್ತು ಕಿರ್ಖಾಫ್ ಆ ಬೆಳಕನ್ನು ಪಟ್ಟಕದಿಂದ ಬಿಡಿಸಿ ರೋಹಿತದರ್ಶಕ ರೂಪಿಸಿದರು. 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಸಿಕ್ಕವು. ಸೀಸಿಯಂ ಲವಣ ಕೆಲವೇ ಗ್ರಾಂ ಪಡೆಯಲು ಸುಮಾರು 40 ಟನ್ ಖನಿಜಜಲವನ್ನು ಬತ್ತಿಸಬೇಕಾಯಿತು. ಇದೇ ವಿಧಾನದಿಂದ 1898ರಲ್ಲಿ ಕ್ರಿಪ್ಟಾನ್ ಗುರುತಿಸಿದ ಇಬ್ಬರಲ್ಲಿ ಒಬ್ಬರಾದ ಮೋರಿಸ್ ಟ್ರಾವರ್ಸ್, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು.

ಬುನ್ಸೆನ್ ಮದುವೆಯಾಗಲಿಲ್ಲ. 1889ರಲ್ಲಿ ನಿವೃತ್ತರಾಗುವವರೆಗೂ ಕಲಿಸಿದರು, 1899ರಲ್ಲಿ ತೀರಿಕೊಂಡರು. ಅವರ ಬೆರಳುಗಳ ಖ್ಯಾತಿಯನ್ನೂ ಮಕ್ಕಳಿಗೆ ಹೇಳಿದ್ದೆ: ಕಾದ ಗಾಜನ್ನೂ ಮೂಸೆಯ ಮುಚ್ಚಳವನ್ನೂ ಅವರು ಬರಿಗೈಯಲ್ಲೇ ಎತ್ತುತ್ತಿದ್ದರಂತೆ. ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಅಷ್ಟು ದೊಡ್ಡವರೇ ಬರಿಗೈಯಲ್ಲಿ ಹಿಡಿದರೆ ನಮಗೇಕೆ ಇಕ್ಕಳ ಎಂದು ಕೇಳಿದ. ನನ್ನ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕಾದ ಗಾಜು ನೋಡಲು ತಣ್ಣಗಿನ ಗಾಜಿನಂತೆಯೇ ಇರುತ್ತದೆ, ಚರ್ಮ ದಪ್ಪವಾದದ್ದು ಜಾಣತನವಲ್ಲ ಎಂದೆ. ಆಮೇಲೆ, ಹಿಂದಿನ ದಿನ ತಪ್ಪು ಮಾಡಿದ್ದು ನಾನೇ ಎಂದೂ ಒಪ್ಪಿಕೊಂಡೆ. ದೊಡ್ಡವರು ಮಾಡಿದ್ದೆಲ್ಲ ಮಾದರಿಯಲ್ಲ ಎಂಬುದು ಹುಡುಗನಿಗೆ ಮನದಟ್ಟಾದದ್ದು ಬಹುಶಃ ಆಗ.

ನಂತರ ಪ್ರಯೋಗವನ್ನು ಮತ್ತೆ ಮಾಡಿದೆವು. ಪ್ರನಾಳದಲ್ಲಿ ಮೂರನೇ ಒಂದು ಭಾಗ ಮಾತ್ರ ನೀರು. ಇಕ್ಕಳದಲ್ಲಿ ಓರೆಯಾಗಿ ಹಿಡಿದು, ಅಲುಗಾಡಿಸುತ್ತ, ಬಾಯಿ ಯಾರ ಕಡೆಗೂ ಇಲ್ಲದಂತೆ ಗೋಡೆಯತ್ತ. ಜಡೆ, ದುಪಟ್ಟಾ ಹಿಂದಕ್ಕೆ ಕಟ್ಟಿ, ಕಣ್ಣಿಗೆ ಕನ್ನಡಕ. ದೀಪ ಉರಿಯುತ್ತಿರುವಾಗ ಸ್ಪಿರಿಟ್ ತುಂಬುವಂತಿಲ್ಲ. ಆರಿಸಲು ಊದುವಂತಿಲ್ಲ, ಮುಚ್ಚಳ ಹಾಕಬೇಕು. ಪ್ರತಿ ಹೆಜ್ಜೆಗೂ ಮಕ್ಕಳಿಂದಲೇ ಕಾರಣ ಹೇಳಿಸಿದೆ.

ಈಗ ನನ್ನ ಪಾಠಯೋಜನೆಯಲ್ಲಿ ಸುರಕ್ಷತೆಗೆ ಪ್ರತ್ಯೇಕ ಸಾಲಿಲ್ಲ. ವಿಧಾನದ ಪ್ರತಿ ಹೆಜ್ಜೆಯ ಎದುರಿಗೇ ಅದನ್ನು ಬರೆಯುತ್ತೇನೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳೂ ಹಾಗೆಯೇ ಬರೆದು ನೋಡಲಿ. ತರಗತಿಗೆ ಹೋಗುವ ಮೊದಲು ಖಾಲಿ ಕೋಣೆಯಲ್ಲಿ ಒಮ್ಮೆ ಪ್ರಯೋಗ ಮಾಡಿ, ಪ್ರನಾಳದ ಬಾಯಿ ಎತ್ತ ತಿರುಗುತ್ತದೆಂದು ತಾವೇ ಗಮನಿಸಲಿ.