ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ

ಮಗುವಿನ ಕಿವಿಯೊಳಗೆ ಕಡಲೆಕಾಳು ಸಿಕ್ಕಿಕೊಂಡರೆ, ಟಾನ್ಸಿಲ್ ಊದಿ ಅನ್ನ ನುಂಗಲಾಗದಿದ್ದರೆ, ಮನೆಯ ಹಿರಿಯರಿಗೆ ಮೂತ್ರ ಕಟ್ಟಿದರೆ ನಾವು ಆಸ್ಪತ್ರೆಗೆ ಓಡುತ್ತೇವೆ. ವೈದ್ಯರು ಬೆಳಕು ಹಾಯಿಸಿ ನೋಡುತ್ತಾರೆ, ಚಿಮುಟ ಹಾಕುತ್ತಾರೆ, ನಳಿಕೆ ಇಳಿಸುತ್ತಾರೆ. ಸಾವಿರ ವರ್ಷಗಳ ಹಿಂದೆ ಸ್ಪೈನಿನ ಕುರ್ತುಬದಲ್ಲಿ ಇದೇ ಸಂಕಟಗಳಿಗೆ ಇದೇ ರೀತಿಯ ಉಪಕರಣಗಳಿಂದ ಚಿಕಿತ್ಸೆ ನೀಡಿ, ಅವುಗಳ ಚಿತ್ರಗಳನ್ನೂ ಬರೆದಿಟ್ಟ ಮಹನೀಯರೇ ಅಬುಲ್ ಕಾಸಿಮ್ ಖಲಫ್ ಬಿನ್ ಅಬ್ಬಾಸ್ ಅಝ್ಝಹ್ರಾವಿ. ಯೂರೋಪಿನವರ ನಾಲಿಗೆಯಲ್ಲಿ ಅಬುಲ್ ಕಾಸಿಮ್ ಎಂಬುದು ಅಲ್ಬುಕಾಸಿಸ್ ಆಯಿತು.

ಖಲೀಫ ಮೂರನೆಯ ಅಬ್ದುರ್ರಹ್ಮಾನರು ಕ್ರಿ.ಶ. 936ರಲ್ಲಿ ಕುರ್ತುಬದ ಹೊರಗೆ ಬೆಟ್ಟದ ಬುಡದಲ್ಲಿ ಅಝ್ಝಹ್ರಾ ಎಂಬ ಅರಮನೆ ನಗರವನ್ನು ಕಟ್ಟಿಸಲಾರಂಭಿಸಿದರು. ಸರಿಸುಮಾರು ಅದೇ ಕಾಲದಲ್ಲಿ ಜನಿಸಿದ ಇವರ ಹೆಸರಿಗೆ ಆ ಊರಿನ ಹೆಸರೇ ಅಂಟಿಕೊಂಡಿತು. ಅನ್ಸಾರಿ ಎಂಬ ಕುಲನಾಮವೂ ಅವರಿಗಿದೆ. ಅಂದರೆ ಮದೀನದ ಅನ್ಸಾರರಿಗೆ ಸೇರಿದ ಮನೆತನ. ಚರಿತ್ರೆಕಾರರು ಅವರ ಬದುಕಿನ ಬಗ್ಗೆ ಬರೆದಿರುವುದು ಕೆಲವೇ ಸಾಲು. ದೊರೆಗಳ ಯುದ್ಧಗಳಿಗೆ ಪುಟಗಟ್ಟಲೆ ಜಾಗ ಕೊಟ್ಟವರಿಗೆ ವೈದ್ಯನೊಬ್ಬನ ದಿನಚರಿಗೆ ಜಾಗ ಸಿಗಲಿಲ್ಲ. ಆದರೆ ಅವರದೇ ಗ್ರಂಥ ನಮ್ಮ ಮುಂದಿದೆ. ಮೂವತ್ತು ಭಾಗಗಳ ಆ ಅತ್‍ತಸ್ರೀಫ್ ಗ್ರಂಥದ ಕೊನೆಯ ಭಾಗ ಸಂಪೂರ್ಣವಾಗಿ ಶಸ್ತ್ರಚಿಕಿತ್ಸೆಗೆ ಮೀಸಲು. ತಮ್ಮ ಶಿಷ್ಯರನ್ನು ಮಕ್ಕಳೇ ಎಂದು ಕರೆದು, ಸುಮಾರು ಇನ್ನೂರು ಉಪಕರಣಗಳ ಚಿತ್ರಗಳೊಂದಿಗೆ ಅದನ್ನು ಬರೆದರು.

ಕಿವಿಯ ಅಧ್ಯಾಯವನ್ನು ನೋಡಿ. ಕಿವಿಗೆ ಬೀಳುವ ವಸ್ತುಗಳನ್ನು ಅವರು ನಾಲ್ಕಾಗಿ ವಿಂಗಡಿಸುತ್ತಾರೆ: ಕಲ್ಲು, ಗಾಜಿನಂತಹವು; ಕಾಳುಗಳು; ನೀರು, ಸಿರ್ಕದಂತಹ ದ್ರವಗಳು; ಜೀವಂತ ಹುಳುಗಳು. ಮೊದಲು ರೋಗಿಯನ್ನು ಬಿಸಿಲಿಗೆ ಕೂರಿಸಿ ಕಿವಿಯೊಳಗೆ ನೋಡಬೇಕು. ಕಲ್ಲಾದರೆ ಎಣ್ಣೆ ಹನಿಸಿ, ಸೀನು ಬರಿಸಿ, ಸೀನುವಾಗ ಮೂಗು ಹಿಡಿಯಬೇಕು. ಬಾರದಿದ್ದರೆ ಸೂಕ್ಷ್ಮವಾದ ಚಿಮುಟ, ಅನಂತರ ಕೊಕ್ಕೆ. ಅದೂ ಆಗದಿದ್ದರೆ ತಾಮ್ರದ ಕೊಳವೆಯನ್ನು ಕಿವಿಗೆ ಹೊಂದಿಸಿ, ಸುತ್ತಲೂ ಮೇಣ ಮೆತ್ತಿ ಬಲವಾಗಿ ಹೀರಬೇಕು. ಕಾಳು ತೇವಕ್ಕೆ ಉಬ್ಬಿದ್ದರೆ ತೆಳುವಾದ ಉಪಕರಣದಿಂದ ಚೂರು ಮಾಡಿ ತೆಗೆಯಬೇಕು. ಕಿವಿಯ ಬುಡದಲ್ಲಿ ಕೊಯ್ಯುವುದು ಎಲ್ಲ ದಾರಿಗಳೂ ಮುಚ್ಚಿದ ಮೇಲಿನ ಮಾತು. ಹೇರ್‌ಪಿನ್ ಹಿಡಿದು ಮಗುವಿನ ಕಿವಿಗೆ ಕೈಹಾಕುವ ನಮ್ಮ ಮನೆಗಳ ಆತುರಕ್ಕೂ, ಹೆಜ್ಜೆ ಹೆಜ್ಜೆಗೂ ಕಾಯುವ ಈ ಕೈಗೂ ಎಷ್ಟು ಅಂತರ!

ಟಾನ್ಸಿಲ್ ವಿಷಯದಲ್ಲೂ ಹಾಗೆಯೇ. ಅದು ಕೆಂಪಾಗಿ ಉರಿಯುತ್ತಿರುವಾಗ ಮುಟ್ಟಲೇಬಾರದು. ಬೆಳ್ಳಗಾಗಿ, ದುಂಡಗಾಗಿ, ಬುಡ ಸಣ್ಣಗಿದ್ದರೆ ಮಾತ್ರ ಕತ್ತರಿಸಬಹುದು. ಸಹಾಯಕನೊಬ್ಬ ಬೆಳ್ಳಿಯ ಅಥವಾ ತಾಮ್ರದ ಪಟ್ಟಿಯಿಂದ ನಾಲಿಗೆಯನ್ನು ಒತ್ತಿ ಹಿಡಿಯಬೇಕು. ಇಂದು ವೈದ್ಯರು ಬಾಯಿ ತೆರೆಸಿ ನಾಲಿಗೆಯ ಮೇಲೆ ಇಡುವ ಪಟ್ಟಿ ನಿಮಗೆ ನೆನಪಾಗಬಹುದು. ರಕ್ತ ನಿಲ್ಲದಿದ್ದರೆ ದಾಳಿಂಬೆ ಸಿಪ್ಪೆಯ ಕಷಾಯದಿಂದ ಬಾಯಿ ಮುಕ್ಕಳಿಸಬೇಕು.

ಗಂಟಲು ಬಾತು ಉಸಿರು ಕಟ್ಟಿದವರಿಗೆ ಶ್ವಾಸನಾಳದ ಉಂಗುರಗಳ ನಡುವೆ ರಂಧ್ರ ಮಾಡಬೇಕೆಂದು ಹಿಂದಿನ ಗ್ರೀಕ್ ವೈದ್ಯರು ಬರೆದಿದ್ದರು. ತಮ್ಮ ನಾಡಿನಲ್ಲಿ ಯಾರೂ ಇದನ್ನು ಮಾಡಿದ್ದು ಕಂಡಿಲ್ಲವೆಂದು ಅಝ್ಝಹ್ರಾವಿ ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ. ಬಳಿಕ ತಾವು ಕಣ್ಣಾರೆ ಕಂಡ ಒಂದು ಘಟನೆಯನ್ನು ತಿಳಿಸುತ್ತಾರೆ. ಒಬ್ಬ ದಾಸಿ ಹುಡುಗಿ ಚಾಕುವಿನಿಂದ ತನ್ನ ಗಂಟಲನ್ನು ಕೊಯ್ದುಕೊಂಡಿದ್ದಳು. ಇವರನ್ನು ಕರೆಸಲಾಯಿತು. ನೋಡಿದರೆ ಗಾಯದಿಂದ ಉಸಿರು ಸುಯ್ಯೆಂದು ಹೊರಬರುತ್ತಿತ್ತು, ಆದರೆ ದೊಡ್ಡ ರಕ್ತನಾಳಗಳು ಕಡಿದಿರಲಿಲ್ಲ. ಗಾಯವನ್ನು ಹೊಲಿದು, ಗುಣವಾಗುವವರೆಗೆ ನೋಡಿಕೊಂಡರು. ಹುಡುಗಿ ಬದುಕಿದಳು, ದನಿ ಸ್ವಲ್ಪ ಒಡೆದದ್ದು ಬಿಟ್ಟರೆ ಮೊದಲಿನಂತೆಯೇ ಆದಳು. ಆದ್ದರಿಂದ ಶ್ವಾಸನಾಳವನ್ನು ಕೊಯ್ಯುವುದರಲ್ಲಿ ಜನರು ಹೆದರುವಷ್ಟು ಅಪಾಯವಿಲ್ಲವೆಂದು ಅವರು ತೀರ್ಮಾನಿಸಿದರು. ಅರಮನೆಗೆ ಹತ್ತಿರವಾಗಿದ್ದ ವೈದ್ಯರೊಬ್ಬರು ತಮ್ಮ ಮಹಾಗ್ರಂಥದಲ್ಲಿ ಒಬ್ಬ ಅನಾಮಿಕ ದಾಸಿಯ ಗಾಯವನ್ನು ಪ್ರಮಾಣವಾಗಿ ಮುಂದಿಟ್ಟದ್ದು ಸಣ್ಣ ಮಾತಲ್ಲ.

ಮೂತ್ರ ಕಟ್ಟಿದವರಿಗೆ ಅವರು ಬಳಸಿದ್ದು ಬೆಳ್ಳಿಯ ನಳಿಕೆ. ಹಕ್ಕಿಯ ಗರಿಯ ಕಾಂಡದಂತೆ ಟೊಳ್ಳಾದ, ನುಣುಪಾದ, ಒಂದೂವರೆ ಗೇಣು ಉದ್ದದ ನಳಿಕೆ. ಜೋಡಿ ದಾರದ ತುದಿಗೆ ಉಣ್ಣೆ ಕಟ್ಟಿ ಒಳಗಿರಿಸಿ, ನಳಿಕೆ ಮೂತ್ರಕೋಶ ತಲುಪಿದ ಮೇಲೆ ದಾರ ಎಳೆದರೆ ಉಣ್ಣೆಯ ಹಿಂದೆಯೇ ಮೂತ್ರ ಹರಿದುಬರುತ್ತಿತ್ತು. ಕಲ್ಲು ಮೂತ್ರನಾಳದಲ್ಲಿ ಸಿಕ್ಕಿದ್ದರೆ, ಅದು ಹಿಂದಕ್ಕೆ ಜಾರದಂತೆ ದಾರ ಬಿಗಿದು, ಮೂರು ಮೂಲೆಯ ಮೊನೆಯ ಉಕ್ಕಿನ ಸಣ್ಣ ಬೈರಿಗೆಯಿಂದ ಮೆಲ್ಲಮೆಲ್ಲನೆ ಕೊರೆದು ಪುಡಿ ಮಾಡುತ್ತಿದ್ದರು. ಮೂತ್ರಕೋಶದ ಕಲ್ಲು ದೊಡ್ಡದಾಗಿದ್ದರೆ ದೊಡ್ಡ ಗಾಯ ಮಾಡಬಾರದು, ಒಳಗೇ ಒಡೆದು ತುಂಡುಗಳಾಗಿ ತೆಗೆಯಬೇಕು ಎಂಬುದು ಅವರ ಕಟ್ಟುನಿಟ್ಟಿನ ಸೂಚನೆ. ಇಲ್ಲವಾದರೆ ರೋಗಿ ಸಾಯಬಹುದು, ಬದುಕಿದರೂ ಜೀವಮಾನವಿಡೀ ಮೂತ್ರ ತೊಟ್ಟಿಕ್ಕುತ್ತಿರಬಹುದು. ರೋಗಿ ಹೆಣ್ಣಾಗಿದ್ದರೆ ನುರಿತ ವೈದ್ಯೆಯನ್ನು ಹುಡುಕಬೇಕು. ಸಿಗದಿದ್ದರೆ ಜಾಣೆಯಾದ ಸೂಲಗಿತ್ತಿಯನ್ನು ಕರೆದು, ಹಂತಹಂತವಾಗಿ ಹೇಳಿಕೊಟ್ಟು ಅವಳ ಕೈಯಿಂದಲೇ ಪರೀಕ್ಷೆ ಮಾಡಿಸಬೇಕು. ಹೆಣ್ಣಿನ ಲಜ್ಜೆ ಉಳಿಯಬೇಕು, ಚಿಕಿತ್ಸೆಯೂ ತಪ್ಪಬಾರದು. ಹೆಣ್ಣುಮಕ್ಕಳ ವೈದ್ಯಶಿಕ್ಷಣಕ್ಕೆ ಅಡ್ಡಿ ಹೇಳುವವರು ಈ ಪುಟವನ್ನು ಓದಬೇಕು.

ಇಷ್ಟೆಲ್ಲ ಕೈಚಳಕವಿದ್ದ ಅಝ್ಝಹ್ರಾವಿಯವರು ಒಮ್ಮೆ ಕತ್ತಿ ಹಿಡಿಯಲು ಒಪ್ಪಲಿಲ್ಲ. ವೃದ್ಧನೊಬ್ಬನಿಗೆ ಮೂತ್ರಕೋಶದಲ್ಲಿ ದೊಡ್ಡ ಕಲ್ಲಿತ್ತು. ಅದನ್ನು ತೆಗೆಯಲು ಮೊದಲು ಇವರನ್ನೇ ಕರೆದಿದ್ದರು. ಕಲ್ಲಿನ ಗಾತ್ರ ಮತ್ತು ರೋಗಿಯ ಸ್ಥಿತಿ ನೋಡಿದಾಗಲೇ, ಕೊಯ್ದರೆ ಅವನು ಉಳಿಯುವುದಿಲ್ಲವೆಂದು ಇವರಿಗೆ ತಿಳಿಯಿತು. ಶಸ್ತ್ರಚಿಕಿತ್ಸೆಯ ಅರಿವಿಲ್ಲದ ಇನ್ನೊಬ್ಬ ವೈದ್ಯ ಧೈರ್ಯ ಮಾಡಿ ಕೊಯ್ದ. ಕಲ್ಲಿನ ಜೊತೆಗೆ ಮೂತ್ರಕೋಶದ ಒಂದು ತುಂಡೂ ಕಿತ್ತುಬಂತು. ಸುಮಾರು ಮೂರು ದಿನಗಳಲ್ಲಿ ಆ ಮುದುಕ ತೀರಿಹೋದ. ಒಬ್ಬ ಹೆಂಗಸಿನ ಕತ್ತಿನ ಗಡ್ಡೆಯನ್ನು ಕೊಯ್ಯಹೋಗಿ ರಕ್ತನಾಳ ಕಡಿದು, ಆಕೆ ಎದುರಿಗೇ ಸತ್ತದ್ದನ್ನೂ ಅವರು ಬರೆದಿದ್ದಾರೆ. ಇವುಗಳನ್ನು ಅವರು ಇಟ್ಟದ್ದು ಶಸ್ತ್ರಚಿಕಿತ್ಸೆಯ ಭಾಗದ ಆರಂಭದಲ್ಲಿಯೇ. ಅಂಗರಚನೆ ಕಲಿಯದವನು ಕತ್ತಿ ಹಿಡಿಯಬಾರದು, ಹಣದಾಸೆಗೆ ಅಪಾಯದ ಚಿಕಿತ್ಸೆಗೆ ಇಳಿಯಬಾರದು ಎಂದು ಶಿಷ್ಯರಿಗೆ ಮೊದಲೇ ಎಚ್ಚರಿಸಿದರು. ವೈದ್ಯವನ್ನು ಅರಿಯದೆ ಚಿಕಿತ್ಸೆ ಮಾಡಿದವನು ಹಾನಿಗೆ ಹೊಣೆಗಾರನೆಂಬ ಪ್ರವಾದಿವರ್ಯರ(ಸ) ಬೋಧನೆ ಅಬೂದಾವೂದರ ಸಂಗ್ರಹದಲ್ಲಿದೆ. ಅಝ್ಝಹ್ರಾವಿಯವರ ಪಾಲಿಗೆ ಅದು ಕಿತಾಬಿನೊಳಗೆ ಉಳಿಯುವ ಮಾತಾಗಿರಲಿಲ್ಲ, ಎದುರಿಗೆ ಮಲಗಿದ ರೋಗಿಯ ಮಾತಾಗಿತ್ತು.

ಅವರ ಕೊನೆಗಾಲದಲ್ಲಿ ಕುರ್ತುಬ ಅಂತಃಕಲಹದ ಬೆಂಕಿಗೆ ಬಿತ್ತು. 1010ರಲ್ಲಿ ಅಝ್ಝಹ್ರಾ ನಗರ ಸೂರೆಯಾಯಿತು. 1013ರ ಸುಮಾರಿಗೆ ಅವರು ಅಲ್ಲಾಹನ ಕರೆಗೆ ಓಗೊಟ್ಟರು. ಅದೇ ನಗರದ ಇಬ್ನು ಹಝ್ಮ್ ಅವರು ಅತ್‍ತಸ್ರೀಫ್ ಗ್ರಂಥವನ್ನು ಮನಸಾರೆ ಹೊಗಳಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ತುಲೈತುಲದಲ್ಲಿ, ಅಂದರೆ ಇಂದಿನ ಟೊಲೆಡೊದಲ್ಲಿ, ಕ್ರೆಮೋನದ ಜೆರಾರ್ಡ್ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್‌ಗೆ ಅನುವಾದಿಸಿದರು. ಅನಂತರ ಶತಮಾನಗಳ ಕಾಲ ಯೂರೋಪಿನ ವೈದ್ಯರು ಅದರಿಂದಲೇ ಕಲಿತರು. 1465ರಲ್ಲಿ ತುರ್ಕಿಯ ಅಮಾಸ್ಯದ ವೈದ್ಯ ಶರಫುದ್ದೀನ್ ಸಾಬುಂಜುಓಗ್ಲು ಅದನ್ನೇ ಆಧರಿಸಿ ಬಣ್ಣದ ಚಿತ್ರಗಳೊಂದಿಗೆ ತುರ್ಕಿ ಭಾಷೆಯಲ್ಲಿ ಗ್ರಂಥ ಬರೆದರು. ಅಝ್ಝಹ್ರಾದ ಅವಶೇಷಗಳನ್ನು 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಕುರ್ತುಬದ ಹಳೆಯ ಓಣಿಯೊಂದಕ್ಕೆ ಇಂದಿಗೂ ಅಲ್ಬುಕಾಸಿಸ್ ಎಂದೇ ಹೆಸರು.