ಕಡಲು ಕೈತಪ್ಪಿದ ಸೇನಾನಿ

ನೆಪೋಲಿಯನ್ ಬೊನಪಾರ್ಟನು ೧೭೬೯ರ ಆಗಸ್ಟ್ ೧೫ರಂದು ಕಾರ್ಸಿಕಾ ದ್ವೀಪದ ಅಜಾಕ್ಸಿಯೊ ಪಟ್ಟಣದಲ್ಲಿ ಹುಟ್ಟಿದನು. ಅದರ ಹಿಂದಿನ ವರ್ಷವಷ್ಟೆ ಆ ದ್ವೀಪವು ಜಿನೋವಾದವರಿಂದ ಫ್ರಾನ್ಸಿನ ವಶಕ್ಕೆ ಬಂದಿದ್ದಿತು. ತಂದೆ ಕಾರ್ಲೊ ವಕೀಲ, ಕುಲವಿದ್ದಿತು, ಹಣವಿರಲಿಲ್ಲ. ಕುಲೀನತೆಯ ದಾಖಲೆಗಳನ್ನು ಮುಂದಿಟ್ಟು, ರಾಜನ ವೆಚ್ಚದಲ್ಲಿ ಮಗನು ಓದುವಂತೆ ಅವನು ಏರ್ಪಾಡು ಮಾಡಿದನು. ಹೀಗೆ ೧೭೭೯ರಲ್ಲಿ ಒಂಬತ್ತು ವರ್ಷದ ಹುಡುಗನು ಬ್ರಿಯೆನ್ನದ ಸೈನಿಕ ಶಾಲೆಯನ್ನು ಸೇರಿದನು. ಫ್ರೆಂಚ್ ಆಗಷ್ಟೆ ಕಲಿತ ನುಡಿ. ಅವನ ಉಚ್ಚಾರಣೆಯನ್ನು ಕೇಳಿ ಸಹಪಾಠಿಗಳು ನಗುತ್ತಿದ್ದರು. ಗಣಿತದಲ್ಲಿ ಮಾತ್ರ ಅವನನ್ನು ನೋಡಿ ನಗುವಂತಿರಲಿಲ್ಲ.

೧೭೮೩ರಲ್ಲಿ ಶಾಲೆಯ ತಪಾಸಣೆಗೆ ಬಂದ ಕೆರಾಲಿಯೊ ಎಂಬ ಅಧಿಕಾರಿಯು, ಈ ದ್ವೀಪದ ಹುಡುಗನು ನೌಕಾಪಡೆಗೆ ತಕ್ಕವನೆಂದು ಶಿಫಾರಸು ಮಾಡಿದನು. ಹುಡುಗನ ಮನಸ್ಸೂ ಕಡಲಿನ ಕಡೆಗೇ ಇದ್ದಿತು. ಆದರೆ ಅದು ಕೈಗೂಡಲಿಲ್ಲ. ಕೆರಾಲಿಯೊನ ಸ್ಥಾನಕ್ಕೆ ಬೇರೊಬ್ಬನು ಬಂದನು. ೧೭೮೪ರ ಅಕ್ಟೋಬರಿನಲ್ಲಿ ನೆಪೋಲಿಯನ್ನನು ಪ್ಯಾರಿಸಿನ ಸೈನಿಕ ವಿದ್ಯಾಲಯಕ್ಕೆ ಹೊರಟನು.

ಇನ್ನುಳಿದ ದಾರಿಗಳಾವುವು? ಅಶ್ವದಳವು ಸಿರಿವಂತರ ಮಕ್ಕಳ ಠಾವು. ಕಾಲ್ದಳದಲ್ಲಿ ಮೇಲೇರಬೇಕಾದರೆ ಆಸ್ಥಾನದಲ್ಲಿ ಬೆಂಬಲಿಗರಿರಬೇಕು. ಫಿರಂಗಿದಳಕ್ಕೂ ಕುಲೀನತೆ ಬೇಕಿದ್ದಿತಾದರೂ ಅಷ್ಟೇ ಸಾಲದು. ಅದರ ಬಾಗಿಲಲ್ಲಿ ಗಣಿತದ ಪರೀಕ್ಷೆಯೊಂದು ಕಾದಿರುತ್ತಿದ್ದಿತು. ಗುಂಡು ಹಾರುವ ದೂರ, ಫಿರಂಗಿಯ ಬಾಯಿಯನ್ನು ಎತ್ತಬೇಕಾದ ಕೋನ, ಮದ್ದಿನ ತೂಕ—ಇವಾವುವೂ ವಂಶಾವಳಿಗೆ ಮಣಿಯುವಂಥವಲ್ಲ. ಬಡ ಕುಲೀನನ ಮಗನು ಆ ಬಾಗಿಲನ್ನೇ ಆರಿಸಿಕೊಂಡನು.

೧೭೮೫ರ ಫೆಬ್ರವರಿಯಲ್ಲಿ ತಂದೆಯು ತೀರಿಕೊಂಡನು. ಎಂಟು ಮಕ್ಕಳ ಸಂಸಾರವು ತಾಯಿ ಲೆಟಿಷಿಯಾಳ ಮೇಲೆ ಬಿದ್ದಿತು. ಕಡೆಯದು ಇನ್ನೂ ಎಳೆಗೂಸು. ಹದಿನೈದರ ಹುಡುಗನಿಗೆ ಈಗ ಓದೆಂದರೆ ಬರಿಯ ಓದಲ್ಲ, ಮನೆಗೆ ಆಸರೆ. ಗಣಿತಜ್ಞ ಬೆಜೂವಿನ ಸಂಪುಟಗಳನ್ನು ಹಗಲಿರುಳು ಅರಗಿಸಿ, ಹಲವರು ಎರಡು ವರ್ಷ ತೆಗೆದುಕೊಳ್ಳುವ ವ್ಯಾಸಂಗವನ್ನು ಒಂದೇ ವರ್ಷದಲ್ಲಿ ಮುಗಿಸಿದನು. ಪರೀಕ್ಷಕನು ಖ್ಯಾತ ವಿಜ್ಞಾನಿ ಲಾಪ್ಲಾಸನೇ. ತೇರ್ಗಡೆಯಾದ ೫೮ ಮಂದಿಯಲ್ಲಿ ಅವನಿಗೆ ೪೨ನೆಯ ಸ್ಥಾನ ದೊರೆಯಿತು. ಹದಿನಾರು ತುಂಬಿದ್ದ ಕಿರಿಯ ಲೆಫ್ಟಿನೆಂಟನು ವಲಾನ್ಸ್ ಪಟ್ಟಣದಲ್ಲಿದ್ದ ಲಾ ಫೇರ್ ಫಿರಂಗಿದಳಕ್ಕೆ ಹೋಗಿ ಸೇರಿದನು.

ಆ ಆಯ್ಕೆಯ ಫಲವು ಎಂಟು ವರ್ಷಗಳ ಮೇಲೆ ಕಾಣಿಸಿತು. ೧೭೯೩ರಲ್ಲಿ ತೂಲಾನ್ ರೇವನ್ನು ಇಂಗ್ಲಿಷರ ಹಡಗುಗಳು ಹಿಡಿದಿದ್ದವು. ರೇವಿನ ಮೇಲಣ ದಿಣ್ಣೆಗಳನ್ನು ಗೆದ್ದು ಅಲ್ಲಿ ಫಿರಂಗಿಗಳನ್ನು ಹೂಡಿದರೆ ಹಡಗುಗಳು ತಾವಾಗಿ ತೊಲಗುವುವೆಂದು ಅವನು ಲೆಕ್ಕ ಹಾಕಿದನು. ಡಿಸೆಂಬರಿನಲ್ಲಿ ಹಾಗೆಯೇ ಆಯಿತು. ಇಪ್ಪತ್ತನಾಲ್ಕರ ಹರೆಯದಲ್ಲಿ ಅವನು ಜನರಲ್ ಆದನು.

ನೆಲದ ಮೇಲೆ ಗಣಿತವು ಅವನ ಕೈಬಿಡಲಿಲ್ಲ. ಕಡಲು ಮಾತ್ರ ಒಲಿಯಲೇ ಇಲ್ಲ. ೧೭೯೮ರಲ್ಲಿ ಈಜಿಪ್ಟಿನ ಅಬುಕಿರ್ ಕೊಲ್ಲಿಯಲ್ಲಿಯೂ ೧೮೦೫ರಲ್ಲಿ ಟ್ರಫಾಲ್ಗರಿನಲ್ಲಿಯೂ ನೆಲ್ಸನ್ನನು ಫ್ರೆಂಚ್ ನೌಕಾಬಲವನ್ನು ಮುರಿದನು. ೧೮೧೫ರಲ್ಲಿ ವಾಟರ್ಲೂವಿನ ಸೋಲಿನ ಬಳಿಕ ಅವನು ಶರಣಾದದ್ದು ಬೆಲೆರೊಫಾನ್ ಎಂಬ ಇಂಗ್ಲಿಷ್ ಯುದ್ಧನೌಕೆಯನ್ನೇರಿ. ೧೮೨೧ರ ಮೇ ೫ರಂದು ಸೇಂಟ್ ಹೆಲೀನಾದಲ್ಲಿ ಅವನು ಕಣ್ಮುಚ್ಚಿದನು. ದ್ವೀಪದಲ್ಲಿ ಹುಟ್ಟಿ ದ್ವೀಪದಲ್ಲಿ ಮಡಿದವನ ಬಾಳಿಗೆ ಎರಡು ಕಡೆಯಲ್ಲಿಯೂ ಕಡಲೇ ಎಲ್ಲೆಯಾಯಿತು.