ಎಮ್ಡನ್ ಹಡಗಿನ ನಾಯಕ

ಗಡಿನಾಡಿನವರಾದ ನಮಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಎದೆಗಾರಿಕೆಯೂ ಚಾಣಾಕ್ಷತನವೂ ಉಳ್ಳವನನ್ನು ತಮಿಳರು ‘ಎಮ್ಡನ್’ ಎಂದು ಕರೆಯುವುದನ್ನು ನಾವು ಕೇಳಿದ್ದೇವೆ. ಅದು ಜರ್ಮನಿಯ ಒಂದು ಯುದ್ಧನೌಕೆಯ ಹೆಸರು. ಅದರ ನಾಯಕರಾಗಿದ್ದ ಕಾರ್ಲ್ ಫಾನ್ ಮ್ಯೂಲರ್ ಅವರ ಬಾಳನ್ನು ತಿಳಿಯೋಣ.

ಮ್ಯೂಲರ್ 1873ರ ಜೂನ್ 16ರಂದು ಹ್ಯಾನೋವರ್ ನಗರದಲ್ಲಿ ಜನಿಸಿದರು. ತಂದೆ ಸೇನಾಧಿಕಾರಿ. ಮಗ 1891ರಲ್ಲಿ ನೌಕಾಪಡೆಯನ್ನು ಸೇರಿದರು. ಪೂರ್ವ ಆಫ್ರಿಕದಲ್ಲಿ ಸೇವೆಯಲ್ಲಿದ್ದಾಗ ತಗಲಿದ ಮಲೇರಿಯ ಅವರನ್ನು ಕೊನೆಯವರೆಗೂ ಕಾಡಿತು. 1913ರಲ್ಲಿ ಎಮ್ಡನ್ನಿನ ನಾಯಕತ್ವ ದೊರೆಯಿತು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಮ್ಯೂಲರ್ ಒಂಟಿಯಾಗಿ ಬಂಗಾಳ ಕೊಲ್ಲಿಗೆ ನುಗ್ಗಿದರು. ಎಮ್ಡನ್ನಿಗೆ ಇದ್ದುದು ಮೂರು ಹೊಗೆಕೊಳವೆ. ನಾಲ್ಕನೆಯ ಸುಳ್ಳು ಕೊಳವೆಯನ್ನು ನಿಲ್ಲಿಸಿ, ಇಂಗ್ಲಿಷರ ಹಡಗೆಂದು ಕಾಣುವಂತೆ ಮಾಡಿದರು. ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಎಣ್ಣೆ ತೊಟ್ಟಿಗಳ ಮೇಲೆ ಗುಂಡಿನ ಮಳೆಗರೆದರು. ತೊಟ್ಟಿಗಳು ಹೊತ್ತಿ ಉರಿದವು. ಬಂದರಿನಲ್ಲಿದ್ದ ಹಡಗಿಗೂ ಗುಂಡು ತಗಲಿ ಕೆಲವರು ಸತ್ತರು. ಹೆದರಿದ ಜನ ಊರು ಬಿಟ್ಟು ಓಡಿದರು.

ಎರಡು ತಿಂಗಳಲ್ಲಿ 20ಕ್ಕೂ ಹೆಚ್ಚು ವ್ಯಾಪಾರಿ ಹಡಗುಗಳು ಅವರ ಕೈಗೆ ಸಿಕ್ಕವು. ಮುಳುಗಿಸುವ ಮೊದಲು ಅದರಲ್ಲಿದ್ದವರನ್ನೆಲ್ಲ ಇಳಿಸಿ, ಹಿಡಿದ ಬೇರೊಂದು ಹಡಗಿನಲ್ಲಿ ಕ್ಷೇಮವಾಗಿ ಕಳುಹಿಸುತ್ತಿದ್ದರು. ಅಕ್ಟೋಬರ್ 28ರಂದು ಪೆನಾಂಗಿನಲ್ಲಿ ಒಂದು ರಷ್ಯನ್, ಒಂದು ಫ್ರೆಂಚ್ ಯುದ್ಧನೌಕೆಯನ್ನು ಮುಳುಗಿಸಿದಾಗಲೂ ನೀರಿಗೆ ಬಿದ್ದ ಫ್ರೆಂಚ್ ನಾವಿಕರನ್ನು ಮೇಲೆತ್ತಿಸಿದರು. ಈ ನಡತೆಯನ್ನು ಶತ್ರುಗಳೇ ಮೆಚ್ಚಿದರು.

ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ ಸಿಡ್ನಿ ನೌಕೆ ಎದುರಾಯಿತು. ಅದರ ಫಿರಂಗಿಗಳು ಹೆಚ್ಚು ದೊಡ್ಡವು. ನುಚ್ಚುನೂರಾದ ಎಮ್ಡನ್ನನ್ನು ಮ್ಯೂಲರ್ ಹವಳದ ದಿಬ್ಬದ ಮೇಲೆ ಏರಿಸಿ ನಿಲ್ಲಿಸಿದರು. 130ಕ್ಕೂ ಹೆಚ್ಚು ಸಂಗಡಿಗರು ಮಡಿದಿದ್ದರು.

ಮುಂದೆ ಮಾಲ್ಟಾದಲ್ಲಿ, ಬಳಿಕ ಇಂಗ್ಲೆಂಡಿನಲ್ಲಿ ಸೆರೆವಾಸ. 1917ರಲ್ಲಿ ಸುಮಾರು 20 ಮಂದಿಯೊಡನೆ ಸುರಂಗದ ಮೂಲಕ ತಪ್ಪಿಸಿಕೊಂಡರೂ ಮತ್ತೆ ಸಿಕ್ಕಿಬಿದ್ದರು. ಕಾಯಿಲೆಯ ಕಾರಣ 1918ರಲ್ಲಿ ಹಾಲೆಂಡಿಗೆ, ಅಲ್ಲಿಂದ ಸ್ವದೇಶಕ್ಕೆ ಬಂದರು. 1919ರಲ್ಲಿ ನಿವೃತ್ತರಾಗಿ, ಬ್ರೌನ್‌ಷ್ವೈಗ್ ಪ್ರಾಂತದ ಶಾಸನಸಭೆಗೆ ಆಯ್ಕೆಯಾದರು. ಎಮ್ಡನ್ನಿನ ಕಥೆ ಬರೆದಿದ್ದರೆ ಹಣ ಹರಿದು ಬರುತ್ತಿತ್ತು. ಮಡಿದ ಗೆಳೆಯರ ರಕ್ತದಿಂದ ಹಣ ಗಳಿಸಲು ಅವರ ಮನಸ್ಸು ಒಪ್ಪಲಿಲ್ಲ. ಪುಸ್ತಕ ಬರೆಯಲೇ ಇಲ್ಲ. 1923ರ ಮಾರ್ಚ್ 11ರಂದು, 49ರ ವಯಸ್ಸಿನಲ್ಲಿ ತೀರಿಕೊಂಡರು.

ಮದರಾಸಿನಲ್ಲಿ ಸತ್ತವರನ್ನು ಮರೆತು ನಾವು ಮ್ಯೂಲರ್ ಅವರನ್ನು ಹೊಗಳಲಾರೆವು. ಎಷ್ಟು ಒಳ್ಳೆಯವರ ಕೈಯಲ್ಲಿದ್ದರೂ ಯುದ್ಧ ಯುದ್ಧವೇ. ಆದರೆ ಕೈಯಲ್ಲಿ ಬಲವಿದ್ದಾಗ ಕರುಣೆಯನ್ನೂ, ಹೆಸರು ಬಂದಾಗ ಸಂಕೋಚವನ್ನೂ ಉಳಿಸಿಕೊಳ್ಳುವುದು ಸುಲಭವಲ್ಲ. ಅದನ್ನು ನಾವು ಅವರಿಂದ ಕಲಿಯಬಹುದು.